ಕೆಂಗೇರಿಯವಳ ಗಾಂಧಾರ

ನಮ್ಮ ವಾದ್ಯವೃಂದದಲ್ಲಿ ನೆಲದವರು, ಕುರ್ಚಿಯವರು ಎಂದು ಎರಡು ಪಂಗಡ. ಬಸವೇಶ್ವರನಗರದಲ್ಲಿ ನನ್ನ ಪಿಟೀಲು ಟೀಚರ್ ಮನೆಯ ಮಹಡಿ ಮೇಲಿನ ಹಾಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಜನ ಸೇರುತ್ತೇವೆ. ಆರು ಜನ ಜಮಖಾನದ ಮೇಲೆ ಕಾಲು ಮಡಚಿ ಕೂತು, ಪಿಟೀಲಿನ ಸುರುಳಿ ತಲೆಯನ್ನು ಪಾದದ ಗಿಣ್ಣಿಗೆ ಒರಗಿಸಿಕೊಂಡು ಬಾರಿಸುತ್ತೇವೆ. ನಾವೆಲ್ಲ ಟೀಚರ್ ಹತ್ತಿರವೇ ಕರ್ನಾಟಕ ಸಂಗೀತ ಕಲಿತವರು. ಉಳಿದ ನಾಲ್ವರು ಪಾಶ್ಚಾತ್ಯ ಪದ್ಧತಿಯವರು. ಅವರಿಗೆ ಕುರ್ಚಿ ಬೇಕು, ಎದುರಿಗೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿನ ಮೇಲೆ ಕಾಗದ ಬೇಕು. ಬಾಗಿಲಿನಿಂದ ನೋಡಿದರೆ ಹಿಂದಿನ ಸಾಲಿನವರು ಪರೀಕ್ಷೆಗೆ ಕೂತ ಹಾಗೆ, ಮುಂದಿನ ಸಾಲಿನವರು ಪಂಕ್ತಿ ಊಟಕ್ಕೆ ಕೂತ ಹಾಗೆ ಕಾಣುತ್ತದೆ. ಈ ಮಾತು ನನ್ನದಲ್ಲ, ನಮ್ಮ ಚೆಲ್ಲೋ, ಅಂದರೆ ಮಂಡಿಗಳ ನಡುವೆ ನಿಲ್ಲಿಸಿಕೊಳ್ಳುವ ದೊಡ್ಡ ಪಿಟೀಲು, ಬಾರಿಸುವವನದು. ಅವನು ಮಹಾಲಕ್ಷ್ಮಿ ಲೇಔಟಿನವನು, ಆರಡಿ ಎತ್ತರ, ಎಲ್ಲರನ್ನೂ ಮಗಾ ಎಂದೇ ಕರೆಯುತ್ತಾನೆ. ಅರುವತ್ತೆಂಟು ವರ್ಷದ ಟೀಚರನ್ನು ಮಾತ್ರ ಹಾಗೆ ಕರೆಯುವುದಿಲ್ಲ.

ನಾನು ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ತಾರೀಖು, ಅಂಕಿ ಬರೆಯುವ ಅಭ್ಯಾಸ ವಿಜಯನಗರದ ಮನೆಗೂ ನನ್ನ ಜೊತೆ ಬರುತ್ತದೆ. ಭಾನುವಾರದ ಅಭ್ಯಾಸಕ್ಕೆ ಯಾರು ಬಂದರು, ಏನು ಬಾರಿಸಿದೆವು, ಎಷ್ಟು ಸಲ ನಿಂತೆವು ಎಂದು ನಾಲ್ಕು ವರ್ಷದಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಇದನ್ನು ಓದಲು ಇದುವರೆಗೆ ಯಾರೂ ಕೇಳಿಲ್ಲ.

ಹಾಲಿನ ಮೂಲೆಯಲ್ಲಿ ಒಂದು ಮಣೆ, ಮಣೆಯ ಮೇಲೆ ಎಲೆಕ್ಟ್ರಾನಿಕ್ ತಂಬೂರಿ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ಅದರೊಳಗೆ ಇಟ್ಟಿದ್ದಾರೆ. ಪ್ರತಿ ಭಾನುವಾರ ಟೀಚರ್ ಬಂದು ಅದರ ಮೇಲಿನ ಬಟ್ಟೆ ತೆಗೆದು, ಮಡಚಿ, ಗುಂಡಿ ತಿರುಗಿಸುತ್ತಾರೆ. ಅದು ಶುರುವಾದ ಮೇಲೆಯೇ ನಾವು ಕಮಾನು ಎತ್ತುವುದು. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಎಂದು ಅವರು ಹೇಳಿಲ್ಲ, ಆದರೂ ಮುಟ್ಟುವುದಿಲ್ಲ. ನಾನು ಒಂಬತ್ತನೇ ವಯಸ್ಸಿನಲ್ಲಿ ಮೊದಲ ಪಾಠಕ್ಕೆ ಬಂದಾಗ ಅವರು ಹೇಳಿದ ಮೊದಲ ಮಾತು, ಶ್ರುತಿ ಇಲ್ಲದೆ ಕಮಾನು ಎತ್ತಬೇಡ ಎಂದು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಇಂಥದ್ದೊಂದು ಇರುವುದಿಲ್ಲ. ಕುರ್ಚಿಯವರ ಹಿರಿಯ, ನಾವು ಲೀಡರ್ ಸಾರ್ ಎನ್ನುವ ಬ್ಯಾಂಕ್ ಅಧಿಕಾರಿ, ಮೊದಲ ವರ್ಷ ಇದಕ್ಕೆ ಸ್ವಲ್ಪ ಮುಖ ಸಿಂಡರಿಸಿದ್ದರು. ಆದರೆ ಆ ಹಾಲ್ ಟೀಚರದ್ದು, ಬಾಡಿಗೆ ಇಲ್ಲ, ಮಧ್ಯೆ ಕಾಫಿಯೂ ಬರುತ್ತದೆ. ಎರಡನೇ ವರ್ಷಕ್ಕೆ ಅವರಿಗೂ ಅದು ಕೇಳಿಸುವುದು ನಿಂತಿತು. ಫ್ಯಾನಿನ ಸದ್ದು ಕೇಳಿಸದ ಹಾಗೆ.

ಕಳೆದ ಜೂನ್‌ನಲ್ಲಿ ಕೆಂಗೇರಿಯಿಂದ ಒಬ್ಬಳು ಬಂದು ಕುರ್ಚಿಯವರ ಸಾಲಿಗೆ ಸೇರಿದಳು. ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾಳೆ, ನನಗಿಂತ ಎರಡು ವರ್ಷ ದೊಡ್ಡವಳು. ಬಾರಿಸುವುದು ವಯೋಲ, ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ಗಂಟಲು ಸ್ವಲ್ಪ ದಪ್ಪಗಿರುವ ಅದರ ಅಕ್ಕ. ಹದಿನಾಲ್ಕನೇ ವಯಸ್ಸಿನವರೆಗೆ ಗಲ್ಫಿನ ಒಂದು ಊರಿನಲ್ಲಿ ಬೆಳೆದವಳು. ಅಪ್ಪನಿಗೆ ಅಲ್ಲಿ ಪ್ರೆಸ್ಸಿನಲ್ಲಿ ಕೆಲಸವಿತ್ತಂತೆ. ಆಗಸ್ಟ್ ಮೊದಲ ಭಾನುವಾರ ಅವಳು ತಾನೇ ಬರೆದ ಒಂದು ಕೃತಿಯ ಪ್ರತಿಗಳನ್ನು ತಂದು ಹಂಚಿದಳು. ಡಿಸೆಂಬರಿನಲ್ಲಿ ವಿಜಯನಗರದ ಒಂದು ಶಾಲೆಯ ಸಭಾಂಗಣದಲ್ಲಿ ನಮ್ಮ ವರ್ಷದ ಕಾರ್ಯಕ್ರಮವಿರುತ್ತದೆ, ಅದರಲ್ಲಿ ಬಾರಿಸಬಹುದೇ ಎಂದು ಕೇಳಿದಳು. ನಮ್ಮವರೊಬ್ಬರು ಬರೆದದ್ದನ್ನು ನಾವು ಅದುವರೆಗೆ ಬಾರಿಸಿರಲಿಲ್ಲ. ಟೀಚರ್ ಕಾಗದವನ್ನು ದೂರ ಹಿಡಿದು ನೋಡಿ, ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದಿದ್ದರೂ, ಬಾರಿಸೋಣ ಎಂದರು.

ಕೃತಿ ಏಳು ನಿಮಿಷದ್ದು. ರಾಸ್ತ್ ಎಂಬ ಅರಬ್ಬಿ ಮಕಾಮ್‌ನಲ್ಲಿತ್ತು. ಮಕಾಮ್ ಎಂದರೆ ನಮ್ಮ ರಾಗದ ದೂರದ ನೆಂಟ ಎಂದುಕೊಳ್ಳಿ, ಸದ್ಯಕ್ಕೆ ಅಷ್ಟು ಸಾಕು. ಚೆಲ್ಲೋ ಒಂದೇ ಕೆಳಗಿನಿಂದ ಶುರು ಮಾಡುತ್ತದೆ, ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತೇವೆ, ಏರಿ ಏರಿ ಕೊನೆಗೆ ಹತ್ತೂ ಜನ ಒಂದೇ ಗಾಂಧಾರದ ಮೇಲೆ, ಅಂದರೆ ಸರಿಗಮದ ಗ ಮೇಲೆ, ಬಂದು ನಿಲ್ಲಬೇಕು. ನಾಲ್ಕು ನಿಧಾನದ ಎಣಿಕೆ, ಬೇರೇನೂ ಇಲ್ಲ. ಕೃತಿಯಲ್ಲಿ ಹೀಗೆ ಮೂರು ಸಲ ನಿಲ್ಲುವುದಿದೆ.

ತೊಂದರೆ ಇದ್ದದ್ದು ಆ ಗಾಂಧಾರದಲ್ಲಿ. ಆ ಎತ್ತರದಲ್ಲಿ ನಮಗೆ ಗೊತ್ತಿದ್ದವು ಎರಡು: ಕೆಳಗಿನದು ಸಾಧಾರಣ, ಮೇಲಿನದು ಅಂತರ. ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಎರಡು ಕೀಗಳು. ಅವಳು ಬರೆದದ್ದು ಆ ಎರಡರ ಮಧ್ಯೆ, ಕೀ ಇಲ್ಲದ ಜಾಗದಲ್ಲಿತ್ತು. ಪಾಶ್ಚಾತ್ಯ ಲಿಪಿಯಲ್ಲಿ ಸ್ವರವನ್ನು ಇಳಿಸಲು ಹಾಕುವ ಗುರುತಿಗೆ ಒಂದು ಅಡ್ಡಗೆರೆ ಎಳೆದರೆ ಅರ್ಧ ಮಾತ್ರ ಇಳಿಸು ಎಂದರ್ಥವಂತೆ. ಆ ಬೆಳಿಗ್ಗೆ ಕುರ್ಚಿಯವರಲ್ಲಿ ಒಬ್ಬರು ಅಡ್ಡಗೆರೆಯನ್ನು ನೋಡಿ, ಅವಳು ಗುರುತು ಹಾಕಿ ಆಮೇಲೆ ಹೊಡೆದುಹಾಕಿದ್ದಾಳೆ ಎಂದು ತಿಳಿದು ಅಂತರ ಗಾಂಧಾರವನ್ನೇ ಬಾರಿಸಿದರು. ಲೀಡರ್ ಸಾರ್ ಪ್ರಿಂಟರ್ ಮಸಿ ಚೆಲ್ಲಿದೆ ಎಂದುಕೊಂಡು ಸಾಧಾರಣ ಗಾಂಧಾರ ಬಾರಿಸಿದರು. ನೆಲದವರು ನಾವು ಕಾಗದ ಅಷ್ಟಾಗಿ ನೋಡುವುದಿಲ್ಲ. ಅವಳು ಬಾರಿಸಿ ತೋರಿಸಿದ್ದನ್ನು ಕಿವಿಯಲ್ಲಿ ಹಿಡಿದು, ನಮ್ಮ ಅಭ್ಯಾಸದಂತೆ ಅದನ್ನು ಪ್ರೀತಿಯಿಂದ ಅಲ್ಲಾಡಿಸಿದೆವು. ಗಮಕವಿಲ್ಲದ ಗಾಂಧಾರ ನಮಗೆ ಬಟ್ಟೆ ಹಾಕದ ಮಗುವಿನ ಹಾಗೆ.

ಅವಳು ನಕ್ಕು, ನಡುಗಿಸಬೇಡಿ, ಅದರ ಮೇಲೆ ಸುಮ್ಮನೆ ನಿಂತುಕೊಳ್ಳಿ ಎಂದಳು.

ನಿಂತೆವು. ಹತ್ತು ಕಡೆ ನಿಂತೆವು.

ಮುಂದಿನ ವಾರ ಲೀಡರ್ ಸಾರ್ ಒಂದು ಉಪಾಯ ಹೇಳಿದರು. ಅರಬ್ಬಿ ಎಂದು ಜನಕ್ಕೆ ತಿಳಿಯಬೇಕು ತಾನೆ, ಅದಕ್ಕೆ ಯೂರೋಪಿನ ದೊಡ್ಡ ದೊಡ್ಡವರು ನೂರಾರು ವರ್ಷದಿಂದ ಬಳಸುವ ಒಂದು ಮೇಳವೇ ಇದೆ, ಅದರಲ್ಲಿ ಬೇಕಾದ ಸ್ವರಗಳೆಲ್ಲ ಪಿಯಾನೋದಲ್ಲೇ ಸಿಗುತ್ತವೆ ಎಂದು ಬಾರಿಸಿ ತೋರಿಸಿದರು. ನೆಲದವರಿಗೆ ಅದು ತಕ್ಷಣ ಗೊತ್ತಾಯಿತು, ನಮ್ಮ ಮಾಯಾಮಾಳವಗೌಳದ ಹತ್ತಿರದ್ದೇ. ಸಿನಿಮಾದಲ್ಲಿ ಮರಳುಗಾಡು ಬಂದಾಗಲೆಲ್ಲ ಕೇಳಿಸುವುದೂ ಅದೇ. ಚೆಲ್ಲೋದವನು ಕತ್ತನ್ನು ಒಂಟೆಯಂತೆ ಮುಂದೆ ಹಿಂದೆ ಆಡಿಸಿದ.

ಕೆಂಗೇರಿಯವಳು ಬೇಸರ ಮಾಡಿಕೊಳ್ಳದೆ ಹೇಳಿದಳು: “ಒಂಟೆ ಬೇಡ ಸಾರ್. ಅಲ್ಲಿದ್ದಷ್ಟು ವರ್ಷದಲ್ಲಿ ನಾನು ಒಂಟೆ ನೋಡಿದ್ದು ಎರಡೇ ಸಲ. ಟ್ರಾಫಿಕ್ ಸಿಗ್ನಲ್ ದಿನಾ ನೋಡ್ತಿದ್ದೆ.”

“ಹಾಗಾದ್ರೆ ಸಿಗ್ನಲ್ಲಿಗೆ ಬಾರಿಸೋಣ ಬಿಡು,” ಎಂದ ಚೆಲ್ಲೋದವನು. “ನಮ್ಗೆ ನಿಂತು ಅಭ್ಯಾಸ ಇದೆ.”

ಅಭ್ಯಾಸ ಮುಗಿದ ಮೇಲೆ ಅವಳೂ ನಾನೂ ವಿಜಯನಗರದ ಮೆಟ್ರೋ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದೆವು. ಅವಳು ಕೆಂಗೇರಿಯ ಗಾಡಿ ಹತ್ತುತ್ತಿದ್ದಳು, ನಾನು ತರಕಾರಿ ತೆಗೆದುಕೊಂಡು ಮನೆಗೆ. ಆ ದಾರಿಯಲ್ಲಿ ಅವಳಿಂದ ಕೇಳಿ ತಿಳಿದದ್ದು ಬಹಳ. ಅವಳಿದ್ದ ಊರಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಈಜಿಪ್ಟಿನವರು. ಕೈರೋದಲ್ಲಿ ಇಪ್ಪತ್ತು ಮೂವತ್ತು ಪಿಟೀಲುಗಳು ಸಾಲಾಗಿ ಕೂತು ಈ ಸ್ವರವನ್ನು ಒಟ್ಟಿಗೆ ಬಾರಿಸುತ್ತವಂತೆ. ಯೂರೋಪಿನಿಂದ ಪಿಟೀಲು ತರಿಸಿಕೊಂಡರು, ಕುರ್ಚಿ ಸ್ಟ್ಯಾಂಡುಗಳನ್ನೂ ತರಿಸಿಕೊಂಡರು, ಆದರೆ ತಮ್ಮ ಗಾಂಧಾರವನ್ನು ಬಿಟ್ಟುಕೊಡಲಿಲ್ಲ. ನಾವು ಪಿಟೀಲು ಇಟ್ಟುಕೊಂಡು ಕುರ್ಚಿಯನ್ನು ವಾಪಸ್ ಕಳಿಸಿದೆವು ಎಂದೆ ನಾನು. ಅದಕ್ಕೂ ಹಿಂದೆ ಅರಬರ ರಬಾಬ್ ಎಂಬ ಕಮಾನಿನ ವಾದ್ಯವೇ ಯೂರೋಪಿಗೆ ಹೋಗಿ ಪಿಟೀಲಿನ ಪೂರ್ವಿಕರಲ್ಲಿ ಒಂದಾಯಿತಂತೆ. ಇದನ್ನು ಚೆಲ್ಲೋದವನಿಗೆ ಹೇಳಿದಾಗ, ಹಾಗಾದರೆ ಮುತ್ತಜ್ಜನ ಊರಿಗೆ ಹೋಗಿ ದಾರಿ ತಪ್ಪಿಸಿಕೊಂಡಿದ್ದೇವೆ ಎಂದ.

ಒಂದು ಭಾನುವಾರ ನಿಲ್ದಾಣದ ಮೆಟ್ಟಿಲ ಹತ್ತಿರ ನಿಂತು ಕೇಳಿದೆ, ಈ ಸ್ವರದ ಮೇಲೆ ಇಷ್ಟೊಂದು ಹಟ ಯಾಕೆ ಎಂದು. ಅವಳು ವಯೋಲದ ಪೆಟ್ಟಿಗೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದಳು.

“ಅಲ್ಲಿ ಶಾಲೆಯಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಬಾರಿಸ್ತಿದ್ವಿ. ನಾನು ಮಧ್ಯದಲ್ಲಿ ಕೂರ್ತಿದ್ದೆ. ನನ್ನ ಕೈಯಿಂದ ಬರ್ತಿದೆಯೋ ಪಕ್ಕದವಳ ಕೈಯಿಂದ ಬರ್ತಿದೆಯೋ ಗೊತ್ತಾಗ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅದನ್ನ ಒಬ್ಬಳೇ ಬಾರಿಸ್ತೀನಿ. ಒಬ್ಬಳೇ ಬಾರಿಸಿದ್ರೆ ಅದು ಅಪಸ್ವರ ಕಣೋ. ನಮ್ಮಮ್ಮನೇ ಒಳಗಿಂದ ಬಂದು ತಂತಿ ಇಳಿದಿದೆ ನೋಡು ಅಂತಾಳೆ. ಹತ್ತು ಜನ ಒಟ್ಟಿಗೆ ಬಾರಿಸಿದ್ರೆ ಯಾರೂ ಹಾಗನ್ನೋಕಾಗಲ್ಲ. ಒಂದ್ಸಲ ಕೇಳ್ಬೇಕು ಅಷ್ಟೇ.”

ಆಮೇಲೆ ಇನ್ನೊಂದು ಮಾತು ಸೇರಿಸಿದಳು. ಮನೆಯಲ್ಲಿ ಆ ಸ್ವರ ಸರಿಯಾಗಿ ಬರುತ್ತದೆ, ನಮ್ಮ ಹಾಲಿಗೆ ಬಂದ ಕೂಡಲೇ ತನ್ನದೇ ತಪ್ಪು ಎನ್ನಿಸಿ ಬೆರಳು ಜಾರುತ್ತದೆ ಎಂದು. ನಾನು ಅದನ್ನು ಸಂಕೋಚ ಎಂದುಕೊಂಡೆ.

ಆ ವಾರದಿಂದ ನಾನು ಲೆಕ್ಕ ಇಡಲು ಶುರು ಮಾಡಿದೆ. ಅಭ್ಯಾಸವನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಮನೆಯಲ್ಲಿ ಕಿವಿಗೆ ಹಾಕಿಕೊಂಡು ಕೇಳಿ, ಹತ್ತು ಜನರಲ್ಲಿ ಎಷ್ಟು ಜನ ಅವಳ ಗಾಂಧಾರದ ಮೇಲೆ ನಿಂತರು ಎಂದು ಬರೆಯುತ್ತಿದ್ದೆ. ಮೂರು, ನಾಲ್ಕು, ಮತ್ತೆ ಮೂರು. ಪಕ್ಕದಲ್ಲಿ ಕಾರಣದ ಕಾಲಂ. ಮಳೆ ಇತ್ತೇ, ತಂತಿ ಹೊಸದೇ, ಕಾಫಿಗೆ ಮುಂಚೆಯೋ ನಂತರವೋ, ಕಿಟಕಿ ತೆರೆದಿತ್ತೇ. ಚೆಲ್ಲೋದವನು ಭುಜದ ಮೇಲಿಂದ ಇಣುಕಿ, ಉಪ್ಪಿಟ್ಟು ತಿಂದವರು ಎಷ್ಟು ಎಂದೂ ಬರೆದುಕೋ ಮಗಾ ಎಂದ. ಅದನ್ನೂ ಬರೆದೆ. ಅದರಿಂದಲೂ ಏನೂ ತಿಳಿಯಲಿಲ್ಲ. ಒಂದು ವಿಚಿತ್ರ ಮಾತ್ರ ಕಂಡಿತು: ತಪ್ಪಿದವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆಗೆ, ಮೇಲಕ್ಕೆ ತಪ್ಪುತ್ತಿದ್ದರು. ಕೆಳಗಿನ ಗಾಂಧಾರದಿಂದ ಹೊರಟ ಲೀಡರ್ ಸಾರ್ ಕೂಡ ದಸರಾ ಹೊತ್ತಿಗೆ ಮೇಲೆ ಬಂದು ಕೂತಿದ್ದರು. ನಾನು ಮನೆಯಲ್ಲಿ ದಿನಾ ಅರ್ಧ ಗಂಟೆ, ಫೋನಿನ ತಂಬೂರಿ ಹಾಕಿಕೊಂಡು, ಆ ಒಂದು ಸ್ವರವನ್ನೇ ತಿದ್ದುತ್ತಿದ್ದೆ. ತಿದ್ದಿದಷ್ಟೂ ಅದು ಮೇಲೇರಿತು.

ನವೆಂಬರ್ ಮೊದಲ ವಾರ ಲೀಡರ್ ಸಾರ್ ಕೆಂಗೇರಿಯವಳನ್ನು ಪಕ್ಕಕ್ಕೆ ಕರೆದು ಮೃದುವಾಗಿ ಮಾತಾಡಿದರು. ತಿಂಗಳೊಳಗೆ ಆ ಗಾಂಧಾರ ನಿಲ್ಲದಿದ್ದರೆ ಮಾಮೂಲಿ ಅಂತರ ಗಾಂಧಾರವನ್ನೇ ಬರೆದುಬಿಡು, ಕೇಳುವವರಿಗೆ ಗೊತ್ತಾಗುವುದಿಲ್ಲ, ಕೃತಿ ಹಾಗೆಯೂ ಚೆನ್ನಾಗಿದೆ ಎಂದರು. ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ಒಪ್ಪಿದಳು. ತಿಂಗಳ ಕೊನೆಯ ಭಾನುವಾರ ಬರುವಾಗ ಹೊಸ ಪ್ರತಿಗಳನ್ನು ತಂದಿದ್ದಳು. ಅಡ್ಡಗೆರೆಯ ಗುರುತು ಎಲ್ಲೂ ಇರಲಿಲ್ಲ. ಅಷ್ಟು ಸ್ವಚ್ಛವಾದ ಕಾಗದ ನೋಡಿ ಯಾರಿಗೂ ಸಂತೋಷವಾಗಲಿಲ್ಲ.

ಆ ಭಾನುವಾರ ಟೀಚರ್ ಇರಲಿಲ್ಲ. ಲಗ್ಗೆರೆಯಲ್ಲಿ ತಮ್ಮನ ಮೊಮ್ಮಗಳ ನಾಮಕರಣ. ಜ್ವರ ಬಂದರೂ ಅಭ್ಯಾಸ ತಪ್ಪಿಸದವರು, ಕೀಲಿ ಚೆಲ್ಲೋದವನ ಕೈಗೆ ಕೊಟ್ಟು ಹೋಗಿದ್ದರು. ಕಾಫಿ ಇರಲಿಲ್ಲ, ಗದ್ದಲವಿತ್ತು. ಹೊಸ ಪ್ರತಿ ಹಂಚುವ ಮುಂಚೆ ಹಳೆಯದನ್ನು ಕೊನೆಯದಾಗಿ ಒಮ್ಮೆ ಬಾರಿಸಿಬಿಡೋಣ ಎಂದು ಯಾರೋ ಅಂದರು. ಪಾಪ ಎನ್ನುವ ಧ್ವನಿಯಲ್ಲಿ. ಚೆಲ್ಲೋ ಶುರುವಾಯಿತು. ನಾವು ಒಬ್ಬೊಬ್ಬರಾಗಿ ಸೇರಿದೆವು, ಏರಿದೆವು, ಗಾಂಧಾರದ ಮೇಲೆ ಬಂದು ನಿಂತೆವು.

ನಿಂತುಬಿಟ್ಟೆವು. ಹೇಗೆಂದು ಬರೆಯುವುದು ನನಗೆ ಕಷ್ಟ. ನನ್ನ ಬೆರಳ ಕೆಳಗಿನ ಸ್ವರ ಪಕ್ಕದವರ ಸ್ವರದೊಳಗೆ ಕರಗಿ ನನಗೇ ಕೇಳಿಸದಾಯಿತು. ಅದು ಸಾಧಾರಣದ ದುಃಖವಲ್ಲ, ಅಂತರದ ಬೆಳಕೂ ಅಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಬೆಳಗೋ ಸಂಜೆಯೋ ತಿಳಿಯದ ಒಂದು ಗಳಿಗೆ ಇರುತ್ತದಲ್ಲ, ಆ ಬಣ್ಣ. ನಾಲ್ಕು ಎಣಿಕೆ ಮುಗಿದರೂ ಯಾರೂ ಮುಂದೆ ಹೋಗಲಿಲ್ಲ. ಕೆಂಗೇರಿಯವಳು ಕಮಾನನ್ನು ತಂತಿಯ ಮೇಲೇ ಬಿಟ್ಟು ನಮ್ಮನ್ನು ನೋಡುತ್ತಿದ್ದಳು.

“ಇವತ್ತು ಶ್ರುತಿನೇ ಹಾಕಿಲ್ವಲ್ಲೋ,” ಎಂದ ಚೆಲ್ಲೋದವನು, ತಪ್ಪು ಮಾಡಿದವನ ಹಾಗೆ. ಎದ್ದು ಹೋಗಿ ಬಟ್ಟೆ ತೆಗೆದು ಗುಂಡಿ ತಿರುಗಿಸಿದ. ತಂಬೂರಿ ತುಂಬಿಕೊಂಡಿತು. ಮತ್ತೆ ಬಾರಿಸಿದೆವು. ಅದೇ ಜಾಗ, ಅದೇ ಹತ್ತು ಜನ, ಗಾಂಧಾರ ಚೂರುಚೂರಾಯಿತು.

ಲೀಡರ್ ಸಾರ್ ಕೈ ಎತ್ತಿದರು. ಆರಿಸು ಎಂದರು. ಬಾರಿಸಿದೆವು, ನಿಂತಿತು. ಹಾಕು ಎಂದರು. ಬಾರಿಸಿದೆವು, ಜಾರಿತು. ಮೂರನೇ ಸಲ ಅವರು ಪಿಟೀಲು ಕೆಳಗಿಟ್ಟು, ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಕಿವಿ ಹತ್ತಿರ ತಂದು ಕೇಳಿದರು. ತಂಬೂರಿಯಲ್ಲಿ ಇರುವುದು ಷಡ್ಜ ಮತ್ತು ಪಂಚಮ. ಆದರೆ ಆ ಎರಡೂ ಮೊಳಗುವಾಗ ಮೇಲೆ ಎಲ್ಲೋ ಒಂದು ಗಾಂಧಾರ ತಾನಾಗಿ ಹುಟ್ಟಿಕೊಳ್ಳುತ್ತದೆ. ಯಾರೂ ಮೀಟದ, ಯಾವ ತಂತಿಯದೂ ಅಲ್ಲದ ಅಂತರ ಗಾಂಧಾರ. ನಾಲ್ಕು ತಿಂಗಳು ಅದು ಮೂಲೆಯಲ್ಲಿ ಕೂತು, ಬಹಳ ಒಳ್ಳೆಯ ಮನಸ್ಸಿನಿಂದ, ನಮ್ಮನ್ನೆಲ್ಲ ತನ್ನ ಕಡೆಗೆ ತಿದ್ದುತ್ತಿತ್ತು. ನನ್ನ ಕಾರಣದ ಕಾಲಂನಲ್ಲಿ ಉಪ್ಪಿಟ್ಟಿತ್ತು, ತಂಬೂರಿ ಇರಲಿಲ್ಲ. ಯಾವಾಗಲೂ ಇರುವುದನ್ನು ಯಾರು ಬರೆದುಕೊಳ್ಳುತ್ತಾರೆ?

ಎಲ್ಲರೂ ಒಂದು ಕ್ಷಣ ನಕ್ಕೆವು. ಆಮೇಲೆ ನಗು ನಿಂತಿತು, ಏಕೆಂದರೆ ಎಲ್ಲರಿಗೂ ಒಂದೇ ಯೋಚನೆ ಬಂತು. ಟೀಚರಿಗೆ ಹೇಳುವುದು ಹೇಗೆ? ಶ್ರುತಿ ಆರಿಸಿ ಎಂದು ಅವರಿಗೆ ಹೇಳುವುದು, ದೇವರ ಮನೆಯ ದೀಪ ನಮ್ಮ ಕಣ್ಣಿಗೆ ಚುಚ್ಚುತ್ತದೆ ಎಂದು ಹೇಳಿದ ಹಾಗೆ. ಕೆಂಗೇರಿಯವಳು ಹೊಸ ಪ್ರತಿಗಳನ್ನು ಕೈಗೆತ್ತಿಕೊಂಡಳು.

“ಹೇಳ್ಬೇಡಿ,” ಎಂದಳು. “ಬಂದ ಮೊದಲನೇ ದಿನ, ಯಾರು ಎತ್ತ ಅಂತಾನೂ ಕೇಳದೆ ಕೂತ್ಕೋ ಅಂದವರು ಅವರು. ನಾನು ಕೇಳ್ಬೇಕಾಗಿದ್ದು ಕೇಳಾಯ್ತು. ಇದನ್ನೇ ಬಾರಿಸೋಣ.”

ಆದರೆ ಅವಳು ಕೇಳಿರಲಿಲ್ಲ, ನನಗೆ ಗೊತ್ತಿತ್ತು. ಅವಳೂ ಬಾರಿಸುತ್ತಿದ್ದಳು, ಅರ್ಧ ಗಾಬರಿಯಲ್ಲಿದ್ದಳು, ಒಟ್ಟು ಒಂದು ನಿಮಿಷವೂ ಇರಲಿಲ್ಲ. ಹೊಸ ಪ್ರತಿ ಹಂಚುವುದು ಮುಂದಿನ ವಾರಕ್ಕೆ ಹೋಯಿತು. ಟೀಚರ್ ಹತ್ತಿರ ಎಲ್ಲರಿಗಿಂತ ಹೆಚ್ಚು ವರ್ಷ ಕಲಿತವನು ನಾನು ಎಂದು ಚೆಲ್ಲೋದವನು ನೆನಪಿಸಿದ. ನೀನೇ ಹೋಗು ಮಗಾ, ನಿನಗೆ ಬೈದರೂ ಊಟ ಹಾಕಿ ಬೈತಾರೆ.

ಮಂಗಳವಾರ ಲ್ಯಾಬ್ ಮುಗಿಸಿ ಹೋದೆ. ಟೀಚರ್ ಅಡುಗೆಮನೆಯ ನೆಲದ ಮೇಲೆ ಬೇಸಿನ್ನಿನ ಮುಂದೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ಆ ವರ್ಷದ ಮೊದಲ ಅವರೆ. ನಾನೂ ಎದುರಿಗೆ ಕೂತು ಕೈ ಹಾಕಿದೆ. ನಾಮಕರಣದ ವಿಷಯವೆಲ್ಲ ಕೇಳಿ ಮುಗಿದ ಮೇಲೆ, ಭಾನುವಾರ ಆದದ್ದನ್ನು ಆದ ಹಾಗೆಯೇ ಹೇಳಿದೆ. ಅವರು ಕಾಳಿನಿಂದ ಕಣ್ಣೆತ್ತಲಿಲ್ಲ.

“ಯಾರೂ ಹಾಕ್ಲಿಲ್ವಾ ಅವತ್ತು?”

ಮರೆತುಬಿಟ್ಟೆವು ಎಂದೆ.

“ಮರೆತ್ರಾ.” ಇನ್ನೂ ಒಂದು ಹಿಡಿ ಕಾಳು ಹಿತುಕಿದರು. ಆಮೇಲೆ ಕೈ ಒರೆಸಿಕೊಂಡು, ಮೇಲೆ ಹೋಗಿ ಪೆಟ್ಟಿಗೆ ತರಲು ಹೇಳಿದರು. ಅಡುಗೆಮನೆಯಲ್ಲೇ ಹಾಕಿಸಿ ಕಣ್ಣು ಮುಚ್ಚಿ ಕೂತರು. ಕುಕ್ಕರಿನ ಸದ್ದಿನ ಮಧ್ಯೆಯೂ, ಒಮ್ಮೆ ಗೊತ್ತಾದ ಮೇಲೆ, ಆ ಹುಟ್ಟಿದ ಗಾಂಧಾರ ಸ್ಪಷ್ಟವಾಗಿ ಕೇಳುತ್ತಿತ್ತು.

“ಇದನ್ನ ನಿನಗೆ ನಾನೇ ತೋರಿಸಿದ್ದೆ. ನೀನು ಇಷ್ಟಿದ್ದೆ. ಯಾರೂ ಬಾರಿಸದೆ ಇರೋ ಗಾಂಧಾರ ಕೇಳತ್ತಾ ನೋಡು ಅಂದ್ರೆ, ಒಳಗೆ ಯಾರೋ ಕೂತಿದ್ದಾರಾ ಟೀಚರ್ ಅಂತ ಕೇಳಿದ್ದೆ.” ಅವರು ನಕ್ಕರು. “ನನಗೇ ಹೊಳೀಲಿಲ್ಲ ನೋಡು. ಆ ಹುಡುಗಿ ಪಾಪ ನಾಲ್ಕು ತಿಂಗಳು ಇದರ ಜೊತೆ ಗುದ್ದಾಡಿದಾಳೆ.”

ನಾನು, ಕಾರ್ಯಕ್ರಮದಲ್ಲಿ ಆ ಏಳು ನಿಮಿಷ ಮಾತ್ರ ಎಂದು ಶುರು ಮಾಡಿದೆ. ಅವರು ಕೈ ತೋರಿಸಿ ತಡೆದರು.

“ನನ್ನ ಕೈಯಲ್ಲಿ ಶ್ರುತಿ ಆರಿಸೋಕಾಗಲ್ಲ ಕಣೋ. ಐವತ್ತು ವರ್ಷ ಆಯ್ತು. ನೀವು ಆರಿಸ್ಕೊಳ್ಳಿ, ಬೇಡ ಅನ್ನಲ್ಲ. ಆ ಹೊತ್ತಿಗೆ ನಾನು ಕೆಳಗೆ ಬಂದಿರ್ತೀನಿ.”

ಹಿತಕಿದ ಬೇಳೆಯ ಸಾರು ಕುದಿಯುವವರೆಗೆ ಕೂರಿಸಿ ಊಟ ಹಾಕಿ ಕಳಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಭಾನುವಾರ ಎಂದಿನಂತೆ ಬಟ್ಟೆ ತೆಗೆದರು, ಗುಂಡಿ ತಿರುಗಿಸಿದರು, ನಾವೆಲ್ಲ ಅದಕ್ಕೆ ತಂತಿ ಕೂಡಿಸಿಕೊಂಡೆವು. ಕೆಂಗೇರಿಯವಳ ಕೃತಿಯ ಸರದಿ ಬಂದಾಗ, ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಮೆಟ್ಟಿಲಿಳಿದರು. ಹಾಲಿಟ್ಟಿರಲಿಲ್ಲ ಎಂದು ಎಲ್ಲರಿಗೂ ಗೊತ್ತು. ಚೆಲ್ಲೋದವನು ಪೆಟ್ಟಿಗೆಯ ಗುಂಡಿಯನ್ನು ಎರಡು ಬೆರಳಲ್ಲಿ, ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟಿ ಆರಿಸಿದ. ಬಾರಿಸಿದೆವು. ಮೊದಲನೆಯ ನಿಲುಗಡೆ ಬಂತು, ನಿಂತಿತು. ಮುಂದೆ ಹೋದೆವು. ಎರಡನೆಯದಕ್ಕೆ ಏರುತ್ತಿರುವಾಗ ಕೆಂಗೇರಿಯವಳು ಕಮಾನು ಇಳಿಸಿಬಿಟ್ಟಳು. ಎಲ್ಲರೂ ಒಬ್ಬೊಬ್ಬರಾಗಿ ಮುಗ್ಗರಿಸಿ ನಿಂತೆವು.

“ಟೀಚರನ್ನ ಕೆಳಗೆ ಕಳಿಸಿ ಬಾರಿಸೋದು ಬೇಡ ಸಾರ್,” ಎಂದಳು ಲೀಡರ್ ಸಾರ್ ಕಡೆ ತಿರುಗಿ. “ಹೊಸ ಕಾಪಿ ಕೊಡ್ತೀನಿ.”

ಅವರು ಏನಾದರೂ ಹೇಳುವ ಮುಂಚೆ ಮೆಟ್ಟಿಲ ಕಡೆಯಿಂದ ಟೀಚರ ಧ್ವನಿ ಬಂತು.

“ಯಾಕೆ ನಿಲ್ಲಿಸಿದ್ರಿ? ಮೊದಲನೇ ಸಲ ಚೆನ್ನಾಗಿತ್ತಲ್ಲ.”

ಅವರು ಕೆಳಗೆ ಹೋಗಿರಲೇ ಇಲ್ಲ. ತಿರುವಿನ ಮೆಟ್ಟಿಲ ಮೇಲೆ, ಕಂಬಿ ಹಿಡಿದುಕೊಂಡು ಕೂತಿದ್ದರು. ಮಂಡಿ ನೋವಿನಿಂದ ಏಳಲು ಆಗದೆ, ನಾನು ಹೋಗಿ ಕೈ ಹಿಡಿದು ಎಬ್ಬಿಸಬೇಕಾಯಿತು. ಒಳಗೆ ಬಂದವರು ಪೆಟ್ಟಿಗೆಯ ಪಕ್ಕ ಮಣೆಗೆ ತಾಗಿಕೊಂಡು ಕೂತು, ಮಡಚಿಟ್ಟ ಬಟ್ಟೆಯನ್ನು ಎತ್ತಿ ಅದರ ಮೇಲೆ ತಾವೇ ಹೊದಿಸಿ, ಅಂಚು ಸರಿಮಾಡಿದರು. ಮಗುವನ್ನು ಮಲಗಿಸಿದ ಹಾಗಿತ್ತು.

“ಇನ್ಮೇಲೆ ನಾನೇ ಆರಿಸ್ತೀನಿ, ನಾನೇ ಹಾಕ್ತೀನಿ. ನೀವು ಯಾರೂ ಮುಟ್ಬೇಡಿ. ಇವನ ಕೈಗೆ ಕೊಟ್ರೆ ಗುಂಡಿನೇ ಕಿತ್ತಿಡ್ತಾನೆ.” ಚೆಲ್ಲೋದವನು ಕೈ ಮುಗಿದ. ಅವರು ಕೆಂಗೇರಿಯವಳ ಕಡೆ ನೋಡಿದರು. “ಮೊದಲಿಂದ ಬಾರಿಸಮ್ಮ.”

ಆ ಏಳು ನಿಮಿಷ ಅವರ ಬಲಗೈ ಪೆಟ್ಟಿಗೆಯ ಬಟ್ಟೆಯ ಮೇಲೆಯೇ ಇತ್ತು. ಮುಗಿದ ಮೇಲೆ, ನಿಲ್ಲೋ ಜಾಗ ಸರಿಯಾಗಿದೆ, ಅಲ್ಲಿಗೆ ಹತ್ತಿಕೊಂಡು ಬರುವಾಗ ನೆಲದವರು ಓಡುತ್ತಿದ್ದೀರಿ ಎಂದು ನಮಗೆ ಮಾತ್ರ ಬೈದರು. ಹೊಸ ಪ್ರತಿಗಳ ಹಿಂಬದಿ ಖಾಲಿ ಇತ್ತು. ಚೆಲ್ಲೋದವನು ಅವನ್ನು ತೆಗೆದುಕೊಂಡು ಹೋಗಿ ಅಕ್ಕನ ಮಕ್ಕಳಿಗೆ ಚಿತ್ರ ಬಿಡಿಸಲು ಕೊಟ್ಟ.

ಡಿಸೆಂಬರ್ ಮೂರನೇ ಭಾನುವಾರದ ಸಂಜೆ ಕಾರ್ಯಕ್ರಮ. ಸಭಾಂಗಣದಲ್ಲಿ ಕುರ್ಚಿಗಳು ಮುಕ್ಕಾಲು ತುಂಬಿದ್ದವು, ಹೆಚ್ಚಿನವರು ನಮ್ಮ ನೆಂಟರೇ. ಕೆಂಗೇರಿಯವಳ ಅಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು. ಟೀಚರ್ ವೇದಿಕೆಯ ಬದಿಯಲ್ಲಿ ಪರದೆಯ ಮರೆಗೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಎರಡು ಕೃತಿಗಳಾದ ಮೇಲೆ ತಂಬೂರಿ ನಿಂತಿತು. ಅದು ನಿಂತಾಗ ಮಾತ್ರ ಅದು ಅಲ್ಲಿಯವರೆಗೆ ಇತ್ತು ಎಂದು ಸಭೆಗೆ ತಿಳಿದಂತಿತ್ತು. ಯಾರೋ ಕೆಮ್ಮಿದರು. ಚೆಲ್ಲೋ ಕೆಳಗಿನಿಂದ ಹೊರಟಿತು.

ಮೊದಲ ಸಲ ನಿಂತೆವು. ಎರಡನೇ ಸಲ ಇನ್ನೂ ಚೆನ್ನಾಗಿ ನಿಂತೆವು. ಮೂರನೆಯದಕ್ಕೆ ಏರಿ ಗಾಂಧಾರದ ಮೇಲೆ ಬಂದಾಗ ಹಿಂದೆ ಬಲಗಡೆಯಿಂದ ಬರುತ್ತಿದ್ದ ಒಂದು ದಪ್ಪ ಧ್ವನಿ ಇಲ್ಲವಾಯಿತು. ಕತ್ತು ಸ್ವಲ್ಪ ತಿರುಗಿಸಿ ನೋಡಿದೆ. ಕೆಂಗೇರಿಯವಳು ವಯೋಲವನ್ನು ಭುಜದಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಮಾನು ಕೈಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಲೀಡರ್ ಸಾರ್ ಹುಬ್ಬು ಹಣೆಗೇರಿತು. ಅವಳು ಅವರನ್ನು ನೋಡಲಿಲ್ಲ, ಎರಡನೇ ಸಾಲನ್ನೂ ನೋಡಲಿಲ್ಲ. ನಾಲ್ಕು ಎಣಿಕೆ ಅವಳು ನಮ್ಮ ಮಧ್ಯೆ ಕೂತಿದ್ದಳು ಅಷ್ಟೇ. ಆಮೇಲೆ ವಯೋಲ ಎತ್ತಿಕೊಂಡು, ಕೊನೆಯ ಇಳಿಜಾರಿಗೆ ಸರಿಯಾಗಿ ಸೇರಿಕೊಂಡಳು.

ಚಪ್ಪಾಳೆಯ ಮಧ್ಯೆ ಲೀಡರ್ ಸಾರ್ ಪಕ್ಕಕ್ಕೆ ಬಾಗಿ, ವಯೋಲ ಎಲ್ಲಿಗೆ ಹೋಗಿತ್ತಮ್ಮ ಎಂದು ಕೇಳಿದರು. ಕೇಳುತ್ತಿದ್ದೆ ಸಾರ್ ಎಂದಳು. ಪರದೆಯ ಮರೆಯಲ್ಲಿ ಟೀಚರ್ ಮುಂದಿನ ಕೃತಿಗೆ ಗುಂಡಿ ತಿರುಗಿಸುತ್ತ, ತಲೆ ಎತ್ತದೆ, “ಬರೆದವಳು ಕೇಳ್ಬೇಡ್ವೇನ್ರೀ,” ಎಂದರು. ತಂಬೂರಿ ಮತ್ತೆ ತುಂಬಿಕೊಂಡಿತು. ಅದರೊಳಗಿನ ಗಾಂಧಾರ ನಾವು ಬಿಟ್ಟುಬಂದದ್ದಕ್ಕಿಂತ ಒಂದು ಚೂರು ಮೇಲೆ, ತನ್ನ ಜಾಗದಲ್ಲೇ ಇತ್ತು.

ಮನೆಗೆ ಬಂದು ಡೈರಿ ತೆರೆದೆ. ಹತ್ತು ಜನರಲ್ಲಿ ಎಷ್ಟು ಎಂಬ ಕಾಲಂನಲ್ಲಿ ಮೂರನೆಯ ನಿಲುಗಡೆಗೆ ಏನು ಬರೆಯುವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಬಾರಿಸಿದವರು ಒಂಬತ್ತು ಜನ. ಹತ್ತು ಎಂದೇ ಬರೆದೆ.